ಕ್ರಾಸ್ ಅಂದರೆ ಅಡ್ಡವಲ್ಲ

ನಮ್ಮ ಅಂಗಡಿಯಲ್ಲಿ ಕತ್ತರಿ ಅಕ್ಕನದು, ಮೆಷಿನ್ ನನ್ನದು. ಕಡಬದ ಪೇಟೆಯಲ್ಲಿ ಮಾಳಿಗೆಯ ಮೇಲೊಂದು ಕೋಣೆ, ಎರಡು ಹೊಲಿಗೆ ಮೆಷಿನ್, ಒಂದು ಕಟ್ಟಿಂಗ್ ಟೇಬಲ್. ಇಪ್ಪತ್ತೆರಡು ವರ್ಷದಿಂದ ಈ ಏರ್ಪಾಡು ಬದಲಾದದ್ದಿಲ್ಲ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ನನಗೆ ಹೊಲಿಗೆ ಕಲಿಸಿದವಳೂ ಅವಳೇ. ರವಿಕೆಯ ಬಟ್ಟೆ ಹರಡಿ, ಅಂಗೈಯಿಂದ ಒಮ್ಮೆ ಸವರಿ, ಟೈಲರ್ ಚಾಕ್ ಹಿಡಿದು ನಾಲ್ಕು ಗೆರೆ ಎಳೆದು ಅವಳು ಕತ್ತರಿ ಇಟ್ಟಳೆಂದರೆ ಮಧ್ಯದಲ್ಲಿ ನಿಲ್ಲಿಸುವ ಮಾತಿಲ್ಲ. ಲಂಗ, ಪರದೆ, ದಿಂಬಿನ ಚೀಲ, ಶಾಲೆಯ ಯೂನಿಫಾರ್ಮು ಇವನ್ನೆಲ್ಲ ನಾನೂ ಕತ್ತರಿಸುತ್ತೇನೆ. ಆದರೆ ರವಿಕೆಯ ಹತ್ತಿರ, ಅದರಲ್ಲೂ ತೋಳಿನ ಹತ್ತಿರ, ನನ್ನ ಕತ್ತರಿ ಸುಳಿಯಬಾರದು ಎಂದು ಅಕ್ಕನ ಕಾನೂನು. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಈ ಕಾನೂನಿಗೆ ತಲೆಬಾಗಿದ್ದೆ, ಯಾಕೆಂದರೆ ಅಕ್ಕ ಕತ್ತರಿಸಿದ ತೋಳು ಹೆಗಲಿಗೆ ಕೂರುವ ಹಾಗೆ ಇನ್ನೊಬ್ಬರದು ಕೂರುವುದಿಲ್ಲ. ನೆಲ್ಯಾಡಿಯಿಂದ, ಇಚಿಲಂಪಾಡಿಯಿಂದ ಹೆಂಗಸರು ಅಳತೆ ರವಿಕೆ ಹಿಡಿದುಕೊಂಡು ಮಾಳಿಗೆ ಹತ್ತಿ ಬರುವುದು ನನ್ನ ಹೊಲಿಗೆಗಲ್ಲ, ಅವಳ ಕತ್ತರಿಗೆ.

ಅಂಥ ಅಕ್ಕನ ಬಲಗೈ ನಡುಬೆರಳು ಒಂದು ಬೆಳಿಗ್ಗೆ ಕತ್ತರಿಯ ಹಿಡಿಯೊಳಗೆ ಮಡಚಿದ್ದು ಮಡಚಿಯೇ ನಿಂತಿತು. ಎದುರಿಗೆ ಗಿರಾಕಿ ನಿಂತಿದ್ದಾರೆ, ಕತ್ತರಿ ಬಾಯಿ ತೆರೆಯುವುದಿಲ್ಲ. ಅಕ್ಕ ಏನೂ ಆಗದವಳ ಹಾಗೆ ಎಡಗೈಯಿಂದ ಆ ಬೆರಳನ್ನು ಹಿಡಿದು ಎಳೆದಳು. ಟಕ್ ಎಂದು ಸದ್ದಾಗಿ ಬೆರಳು ನೆಟ್ಟಗಾಯಿತು. ಆ ಸದ್ದು ನನ್ನ ಮೆಷಿನ್ನಿನ ತನಕ ಕೇಳಿಸಿತು.

"ಎಂತ ಅದು?" ಎಂದೆ.

"ಎಂತ ಇಲ್ಲ. ನೀನು ಹೊಲಿ."

ಹಾಗೆ ಎರಡು ತಿಂಗಳು ತಳ್ಳಿದಳು. ಎಣ್ಣೆ ಹಚ್ಚಿದ್ದಾಯಿತು, ಬಿಸಿನೀರಿನಲ್ಲಿ ಅದ್ದಿದ್ದಾಯಿತು, ಐಸ್‌ಕ್ರೀಮಿನ ಕಡ್ಡಿ ಇಟ್ಟು ಬಟ್ಟೆ ಸುತ್ತಿದ್ದಾಯಿತು. ಕೊನೆಗೆ ಭಾವ ಹಟ ಹಿಡಿದು ಪುತ್ತೂರಿಗೆ ಕರೆದುಕೊಂಡು ಹೋದರು. ಶಾಂತಿಮೊಗರಿನ ಸೇತುವೆ ದಾಟುವ ತನಕವೂ ಅಕ್ಕ "ಬಸ್ಸು ತಿರುಗಿಸ್ಲಿಕ್ಕೆ ಹೇಳಿ" ಎನ್ನುತ್ತಿದ್ದಳಂತೆ. ಪುತ್ತೂರಿನ ಡಾಕ್ಟ್ರು ಬೆರಳನ್ನು ಎರಡು ಸಲ ಮಡಚಿಸಿ ನೋಡಿ, ಇದಕ್ಕೆ ಟ್ರಿಗರ್ ಫಿಂಗರ್ ಅಂತ ಹೆಸರು ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಭಾವನಿಗೆ ಅಲ್ಲಿಂದ ಶುರುವಾಯಿತು ತಲೆಬಿಸಿ. ಅವರ ಹತ್ತಿರ ಒಂದು ಕೋವಿ ಉಂಟು, ಹಂದಿ ಮತ್ತು ಮಂಗಗಳನ್ನು ಓಡಿಸಲಿಕ್ಕೆ ಲೈಸೆನ್ಸ್ ಸಮೇತ ಇಟ್ಟದ್ದು. ಚುನಾವಣೆ ಬಂದಾಗಲೆಲ್ಲ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ಹೋಗಿ ತರುವುದು ನಮ್ಮ ಕಡೆಯ ಎಲ್ಲ ಕೋವಿಗಳ ಹಾಗೆ ಅದರ ಯೋಗ. ಲೈಸೆನ್ಸ್ ನವೀಕರಣದ ಸಮಯವೂ ಹತ್ತಿರವಿತ್ತು. ಮನೆಗೆ ಬಂದವರೇ ಚೀಟಿಯನ್ನು ಕಪಾಟಿನಲ್ಲಿ ಅಡಗಿಸಿಟ್ಟರು.

"ಕೋವಿ ಹಿಡಿಯುದು ನಾನು, ಟ್ರಿಗರ್ ಒತ್ತಿ ಬೆರಳು ಹೋದದ್ದು ಇವಳದ್ದು ಅಂತ ಚೀಟಿಯಲ್ಲಿ ಉಂಟು. ನಾಳೆ ಯಾರಾದ್ರು ನೋಡಿದ್ರೆ ಎಂತ ಹೇಳುದು? ಲೈಸೆನ್ಸ್ ನನ್ನ ಹೆಸರಲ್ಲಿ, ಹೊಡೆಯುದು ಹೆಂಡತಿ ಅಂತ ಆಗುದಿಲ್ವಾ?"

ನಾನು ನಗುತ್ತಾ ನೆಲದ ಮೇಲೆ ಕೂತುಬಿಟ್ಟೆ. ಅಕ್ಕನೂ ನಕ್ಕಳು, ಬಹಳ ದಿನದ ಮೇಲೆ.

ಪುತ್ತೂರಿನಲ್ಲಿ ಕೊಟ್ಟ ಇಂಜೆಕ್ಷನ್ನಿನಿಂದ ನಾಲ್ಕು ತಿಂಗಳು ಬೆರಳು ಸುಮ್ಮನಿತ್ತು. ಅದಾದ ಮೇಲೆ ಮೊದಲಿಗಿಂತ ಜಾಸ್ತಿಯಾಯಿತು. ಇನ್ನು ಆಪರೇಷನ್ ಮಾಡಿಸಿದರೆ ಒಳ್ಳೆಯದು, ಸಣ್ಣದು, ಅದೇ ದಿನ ಮನೆಗೆ ಹೋಗಬಹುದು ಎಂದರು ಪುತ್ತೂರಿನ ಡಾಕ್ಟ್ರು. ಅಕ್ಕ ಸುತರಾಂ ಒಪ್ಪಲಿಲ್ಲ. "ಬಟ್ಟೆ ಕತ್ತರಿಸುವಾಗ ತಪ್ಪಿದ್ರೆ ಬೇರೆ ಬಟ್ಟೆ ತರಬಹುದು. ಕೈ ಎಲ್ಲಿಂದ ತರುದು?" ಎಂದಳು. ಜೀವನವಿಡೀ ಕತ್ತರಿಸಿದವಳಿಗೆ ಕತ್ತರಿಯ ಭಯ ಎಷ್ಟು ಎಂದು ನನಗೆ ಆಗಲೇ ಗೊತ್ತಾದದ್ದು. ಕತ್ತರಿಯನ್ನು ಟೇಬಲ್ಲಿನ ಮೇಲಿಟ್ಟು ನನ್ನತ್ತ ತಳ್ಳಿ, ಅವಳು ಸ್ಟೂಲಿನ ಮೇಲೆ ಕೂತಳು. ಅಳತೆ ತೆಗೆಯುವುದು, ಗಿರಾಕಿಗಳ ಹತ್ತಿರ ಮಾತಾಡುವುದು, ನನ್ನನ್ನು ಬೈಯುವುದು ಇಷ್ಟೇ ಅವಳ ಕೆಲಸವಾಯಿತು. ಅಕ್ಕ ಮತ್ತೆ ಕತ್ತರಿ ಹಿಡಿಯದಿದ್ದರೆ ಅಂಗಡಿ ನಡೆದೀತು, ಅಕ್ಕ ಅಕ್ಕನಾಗಿ ಉಳಿಯುತ್ತಾಳೋ ಇಲ್ಲವೋ ಎಂಬುದೇ ನನ್ನ ಚಿಂತೆ.

ದೇವರಿಗೂ ಆಗಾಗ ತಮಾಷೆ ಬೇಕಾಗುತ್ತದೆ. ನಾಲ್ಕೈದು ತಿಂಗಳು ಅಕ್ಕನ ಪಾಲನ್ನೂ ಸೇರಿಸಿ ಕತ್ತರಿಸಿದ ನನಗೂ ಬಂತು, ಬಲಗೈ ಉಂಗುರ ಬೆರಳಿಗೆ. ಟಕ್. ಅಕ್ಕ ಸ್ಟೂಲಿನಿಂದಲೇ "ಎಂತ ಅದು?" ಎಂದಳು. "ಎಂತ ಇಲ್ಲ" ಎಂದು ಹೇಳುವ ಜಾತಿಯವಳಲ್ಲ ನಾನು. "ನಿಂದೇ ರೋಗ, ನನಗೆ ದಾಟಿಸಿದೆ!" ಎಂದು ಕೂಗಿದೆ. ಆಮೇಲೆ ತಕ್ಷಣ ಒಂದು ವಿಚಾರ ಹೊಳೆಯಿತು. ನಾನು ಮೊದಲು ಕೊಯ್ಯಿಸಿಕೊಂಡು ಗುಣವಾದರೆ, ನನ್ನ ಕೈ ನೋಡಿಯಾದರೂ ಅಕ್ಕ ಒಪ್ಪಬಹುದು. ಇಂಜೆಕ್ಷನ್ ಕೊಟ್ಟು ನೋಡಿ ಫಲವಾಗದಿದ್ದಾಗ ನಾನೇ ಪಂಜದ ದಾರಿಯಾಗಿ ಹೋಗುವ ಸುಳ್ಯದ ಬಸ್ಸು ಹತ್ತಿದೆ. ಅಲ್ಲಿಯ ಆಸ್ಪತ್ರೆಯಲ್ಲಿ ಕೈಯ ಆಪರೇಷನ್ ಮಾಡುವ ಒಬ್ಬರು ಯುವ ಡಾಕ್ಟ್ರು ಇದ್ದರು, ನನ್ನ ಮಗನ ಪ್ರಾಯ.

ಅವರು ತಾಳ್ಮೆಯಿಂದ ವಿವರಿಸಿದರು. ಬೆರಳನ್ನು ಮಡಚುವ ನರ ಅಂದರೆ ಒಂದು ಹಗ್ಗ, ಅದು ಬೆರಳಿನ ಬುಡದಲ್ಲಿ ಒಂದು ಬಿಗಿ ಪಟ್ಟಿಯ ಒಳಗಿಂದ ಹಾದುಹೋಗುತ್ತದೆ, ಹಗ್ಗ ದಪ್ಪಗಾಗಿ ಪಟ್ಟಿಯ ಬಾಯಿಯಲ್ಲಿ ಸಿಕ್ಕಿಬೀಳುತ್ತದೆ.

"ಹಾಗಾದ್ರೆ ಲಂಗದ ಲಾಡಿಯಲ್ಲಿ ಗಂಟು ಬಿದ್ದ ಹಾಗೆ" ಎಂದೆ. "ಲಾಡಿಯನ್ನು ಮುಟ್ಟುವ ಹಾಗಿಲ್ಲ. ಪಟ್ಟಿಯ ಬಾಯಿ ಬಿಚ್ಚಿದ್ರೆ ಆಯ್ತು, ಅಲ್ವಾ?"

ಡಾಕ್ಟ್ರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ಇಷ್ಟು ಚಂದ ಮಾಡಿ ನನಗೂ ಹೇಳ್ಲಿಕ್ಕೆ ಬರುದಿಲ್ಲ ಅಮ್ಮ" ಎಂದರು. ನಾನು ಸ್ವಲ್ಪ ಉಬ್ಬಿದೆ.

ಒಳಗಿನ ಪಟ್ಟಿ ಬಿಚ್ಚುವುದು ಎಲ್ಲರಿಗೂ ಒಂದೇ. ಮೇಲಿನ ಚರ್ಮ ತೆರೆಯುವುದರಲ್ಲಿ ಬೇರೆಬೇರೆ ವಿಧ. ಅವರು ಚೀಟಿಯ ಹಿಂದೆ ಒಂದು ಅಂಗೈಯ ಚಿತ್ರ ಬರೆದು ಗೆರೆ ಹಾಕಿ ತೋರಿಸಿದರು. ಹೀಗೆ ಬೆರಳಿನ ಉದ್ದಕ್ಕೆ ಹಾಕಿದರೆ ಒಳಗೆಲ್ಲ ಚೆನ್ನಾಗಿ ಕಾಣುತ್ತದೆ, ಬೇಕಾದರೆ ಇನ್ನೂ ಸ್ವಲ್ಪ ಮುಂದುವರಿಸಬಹುದು, ಆದರೆ ಅಂಗೈಯ ಮಡಿಕೆಯನ್ನು ನೇರವಾಗಿ ದಾಟಿದರೆ ಕಲೆ ಆಮೇಲೆ ಎಳೆದ ಹಾಗಾಗುತ್ತದೆ. ಹೀಗೆ ಮಡಿಕೆಯ ಜೊತೆಯಲ್ಲೇ ಹಾಕಿದರೆ ಕಲೆ ಅದರೊಳಗೆ ಅಡಗುತ್ತದೆ, ಆದರೆ ಕಾಣುವ ಜಾಗ ಕಡಿಮೆ, ಎರಡು ಬದಿಯ ಸ್ಪರ್ಶದ ಸಣ್ಣ ನರಗಳಿಗೆ ತಾಗದ ಹಾಗೆ ಜಾಗ್ರತೆ ಬೇಕು. ಪೆನ್ನನ್ನು ಓರೆಗೆ ಎಳೆದು, ಹೀಗೆ ಹಾಕಿದರೆ ಎರಡರ ನಡುವಿನ ದಾರಿ. ಇನ್ನು ಗಾಯವೇ ಇಲ್ಲದೆ ಚರ್ಮದ ಮೇಲಿನಿಂದ ಸೂಜಿ ಹಾಕಿಯೇ ಪಟ್ಟಿ ಬಿಡಿಸುವ ಒಂದು ಕ್ರಮವೂ ಉಂಟು, ಬೇಗ ಮುಗಿಯುತ್ತದೆ, ಆದರೆ ಒಳಗಿನದು ಕಣ್ಣಿಗೆ ಕಾಣುವುದಿಲ್ಲ. ಅವರು ಹೇಳಿದ್ದೆಲ್ಲ "ಹೀಗೆ", "ಹೀಗೆ" ಎಂದೇ, ಪೆನ್ನಿನ ತುದಿಯಲ್ಲಿ.

ಸೂಜಿಯನ್ನು ನಾನು ಅಲ್ಲೇ ಕೈಬಿಟ್ಟೆ. ರವಿಕೆಯನ್ನು ಮಗುಚಿ ಹಾಕದೆ ಮೇಲಿನಿಂದಲೇ ಒಳಹೊಲಿಗೆ ಬಿಚ್ಚುವವರನ್ನು ನಾನು ನೋಡಿದ್ದೇನೆ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತದೆ, ಆ ಹತ್ತನೆಯದು ಯಾವಾಗಲೂ ಹೊಸ ರೇಷ್ಮೆಯೇ ಆಗಿರುತ್ತದೆ. ಉಳಿದ ಮೂರರಲ್ಲಿ ನನ್ನ ಮನಸ್ಸು ಮೊದಲೇ ನಿಶ್ಚಯವಾಗಿತ್ತು. ಬಟ್ಟೆಗೆ ನೂಲಿನ ದಾರಿ ಉಂಟು. ಉದ್ದಕ್ಕೆ ಕತ್ತರಿಸಿದರೆ ಗಟ್ಟಿ, ಅಡ್ಡಕ್ಕೆ ಕತ್ತರಿಸಿದರೆ ಸ್ವಲ್ಪ ಸಡಿಲ, ಓರೆಗೆ ಕತ್ತರಿಸಿದರೆ ಮಾತ್ರ ಮೈ ಹೋದತ್ತ ಬಟ್ಟೆ ಹೋಗುತ್ತದೆ. ಅದಕ್ಕೇ ಎದೆಯ ಭಾಗವನ್ನು ಓರೆಗೆ ಕತ್ತರಿಸುವುದು, ಅದಕ್ಕೆ ನಾವು ಹೇಳುವುದು ಕ್ರಾಸ್ ಕಟ್ಟಿಂಗ್ ಎಂದು. ಅಂಗೈಯೂ ಅಷ್ಟೇ ಅಲ್ಲವೇ, ದಿನಕ್ಕೆ ಸಾವಿರ ಸಲ ಮಡಚುವ ಬಟ್ಟೆ.

ಡಾಕ್ಟ್ರು ಚೀಟಿ ಮಡಚುತ್ತಾ, "ನಿಮ್ಮ ಕೈಗೆ ನಾನು ಕ್ರಾಸ್ ಹಾಕ್ತೇನೆ, ಆಗಬಹುದಾ?" ಎಂದರು.

"ಆಗಬಹುದಾ ಅಂತ ಎಂತ ಕೇಳುದು! ನಾನೂ ಕ್ರಾಸೇ ಹೇಳುದು" ಎಂದೆ. ಇಬ್ಬರಿಗೂ ಬಹಳ ಸಮಾಧಾನವಾಯಿತು.

ಆಪರೇಷನ್ನಿನ ದಿನ ಅಂಗೈಗೆ ಚುಚ್ಚಿದ ಇಂಜೆಕ್ಷನ್ ಒಂದೇ ನೋವು. ಅದೂ ಜೋರೇ, ಸುಳ್ಳು ಹೇಳುವುದಿಲ್ಲ. ಆಮೇಲೆ ಹಸಿರು ಬಟ್ಟೆ ಅಡ್ಡ ಕಟ್ಟಿದರು, ನನ್ನ ಕೈ ನನ್ನದಲ್ಲದ ಹಾಗೆ ಆಚೆ ಮಲಗಿತ್ತು. ಏನೋ ತಳ್ಳಿದ ಹಾಗೆ, ಎಳೆದ ಹಾಗೆ. ಸ್ವಲ್ಪ ಹೊತ್ತಿನಲ್ಲಿ ಡಾಕ್ಟ್ರ ಸ್ವರ ಬಂತು. "ಅಮ್ಮ, ಈಗ ಬೆರಳು ಮಡಚಿ. ಬಿಡಿಸಿ." ಮಡಚಿದೆ, ಬಿಡಿಸಿದೆ. ಸದ್ದಿಲ್ಲ. ಮತ್ತೊಮ್ಮೆ ಮಡಚಿದೆ. ಎಣ್ಣೆ ಬಿಟ್ಟ ಮೆಷಿನ್ನಿನ ಚಕ್ರದ ಹಾಗೆ ಹೋಯಿತು, ಬಂತು. ಅಲ್ಲಿ ಮಲಗಿಕೊಂಡೇ ನಾನು ಗಟ್ಟಿಯಾಗಿ ನಕ್ಕೆ. "ಸಾಕು ಅಮ್ಮ, ಹೊಲಿಗೆ ಹಾಕುದು ಬಾಕಿ ಉಂಟು" ಎಂದರು ನರ್ಸು. ಎಷ್ಟು ಖುಷಿಯಾಗಿತ್ತೆಂದರೆ ಆ ಹೊಲಿಗೆಯನ್ನು ನಾನೇ ಹಾಕಿಕೊಡುತ್ತೇನೆ ಎನ್ನುವುದೊಂದು ಬಾಕಿ.

ಮರುವಾರ ಬ್ಯಾಂಡೇಜು ಬದಲಿಸಲು ಬಿಚ್ಚಿದಾಗ ನನ್ನ ಕೈಯನ್ನು ನಾನು ಮೊದಲ ಸಲ ನೋಡಿದ್ದು. ಮೂರು ಹೊಲಿಗೆ. ಅಂಗೈಯ ಮಡಿಕೆಯ ಜೊತೆಯಲ್ಲೇ, ಸೀದಾ ಅಡ್ಡಕ್ಕೆ!

"ಡಾಕ್ಟ್ರೇ, ಇದು ಕ್ರಾಸ್ ಅಲ್ಲ!"

ಅವರು ಗಾಬರಿಯಾಗಿ ಹತ್ತಿರ ಬಂದರು. "ಕ್ರಾಸೇ ಅಲ್ವಾ ಅಮ್ಮ ಇದು? ಅಡ್ಡಕ್ಕೆ?"

"ಅಡ್ಡ ಅಂದ್ರೆ ಅಡ್ಡ! ಕ್ರಾಸ್ ಅಂದ್ರೆ ಓರೆ! ಕ್ರಾಸ್ ಕಟ್ಟಿಂಗ್ ರವಿಕೆ ನೋಡ್ಲಿಲ್ವಾ ನೀವು?"

"ಇಲ್ಲ ಅಮ್ಮ" ಎಂದರು ಅವರು ಬಹಳ ವಿನಯದಿಂದ. "ನಮಗೆ ಕ್ರಾಸ್ ಅಂದ್ರೆ ಅಡ್ಡವೇ."

ನರ್ಸು ಬಾಗಿಲಿನ ಕಡೆ ತಿರುಗಿ ನಿಂತು ನಗುತ್ತಿದ್ದರು, ಅವರ ಬೆನ್ನು ಅಲುಗುವುದು ಕಾಣುತ್ತಿತ್ತು. ನನಗೂ ಸಿಟ್ಟನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಮಡಿಕೆಯೊಳಗೆ ಅಷ್ಟು ನಾಜೂಕಾಗಿ ಕೂತ ಹೊಲಿಗೆಯನ್ನು ಕಂಡು, ಹೊಲಿಗೆಯವಳಾಗಿ ಹೇಗೆ ಬೈಯುವುದು? ಓರೆಗೇ ಹಾಕಿದ್ದರೆ ಒಳ್ಳೆಯದಿತ್ತಾ ಎಂದು ನಾನು ಕೇಳಿದ್ದಕ್ಕೆ ಅವರು, ಯಾವ ದಿಕ್ಕಿಗೆ ಹಾಕಿದರೂ ಕೆಲವು ತಿಂಗಳು ಕಳೆದ ಮೇಲೆ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ, ಕೈಯ ಸ್ಥಿತಿ ನೋಡಿ, ಕೆಲಸಕ್ಕೆ ಬೇಕಾದ ಹಾಗೆ ಆರಿಸಿಕೊಳ್ಳುವುದು ಎಂದರು. ನಾನು ಅವರಿಗೆ ಚೀಟಿಯ ಹಿಂದೆ ಕ್ರಾಸ್ ಕಟ್ಟಿಂಗಿನ ಚಿತ್ರ ಬರೆದು ತೋರಿಸಿ ಬಂದೆ, ಎಡಗೈಯಲ್ಲಿ.

ಕಡಬಕ್ಕೆ ಬಂದಾಗಿನಿಂದ ಅಕ್ಕನ ಎದುರು ದಿನವೂ ಕೈ ಚಾಚಿದೆ. ಹೊಲಿಗೆ ತೆಗೆದು ಒಂದು ತಿಂಗಳಾಗುವಷ್ಟರಲ್ಲಿ ಗಾಯದ ಗೆರೆ ಮಡಿಕೆಯೊಳಗೆ ಮುಳುಗಿಬಿಟ್ಟಿತ್ತು. ಅಕ್ಕ ಕನ್ನಡಕ ಹಾಕಿ ಹುಡುಕಿದಳು, ಕಿಟಕಿಯ ಹತ್ತಿರ ಎಳೆದುಕೊಂಡು ಹೋಗಿ ಹುಡುಕಿದಳು.

"ನಿನ್ನ ಕೈ ಕೊಯ್ದದ್ದು ಹೌದಾ ಮಾರಾಯ್ತಿ? ಸುಮ್ಮನೆ ಮಲಗಿಸಿ ಕಳಿಸಿದ್ದಾ?"

ಆದರೆ ಒಪ್ಪಲಿಲ್ಲ. ನಿನ್ನದು ಹೊಸತು, ನನ್ನದು ಹಳೆಯದು, ನಿನ್ನದು ಉಂಗುರ ಬೆರಳು, ನನ್ನದು ನಡುಬೆರಳು, ನಿನ್ನ ಚರ್ಮ ದಪ್ಪ, ನನ್ನದು ತೆಳು, ಹೀಗೆ ದಿನಕ್ಕೊಂದು ಕಾರಣ. ಟೇಬಲ್ಲಿಗೆ ಅಂಗೈ ಊರಿದರೆ ನನಗೆ ಇನ್ನೂ ಸ್ವಲ್ಪ ನೋಯುತ್ತಿತ್ತು, ಅದನ್ನು ಒಂದು ದಿನ ಬಾಯಿತಪ್ಪಿ ಹೇಳಿದ್ದೇ ಅವಳಿಗೆ ಹಬ್ಬವಾಯಿತು. ಕೊಯ್ಯಿಸಿಕೊಂಡು ಬಂದದ್ದು ದಂಡವಾಯಿತಲ್ಲ ಎಂದು ನಾನು ರಾತ್ರಿ ಹಗಲು ಉರಿದುಕೊಂಡೆ. ಅವಳ ಬೆರಳು ಅಷ್ಟರಲ್ಲಿ ಪೂರ್ತಿ ನೆಟ್ಟಗಾಗುವುದನ್ನೂ ಬಿಟ್ಟಿತ್ತು, ಅನ್ನ ಕಲಸುವುದೂ ಎಡಗೈಯಲ್ಲಿ.

ಡಾಕ್ಟ್ರು ಕೊಟ್ಟ ಗಡುವು ಮುಗಿದ ಮೇಲೆ ನಾನು ಕತ್ತರಿ ಹಿಡಿದೆ. ಅದೇ ವಾರ ಇಚಿಲಂಪಾಡಿಯ ಒಬ್ಬರು ಹಳೇ ಗಿರಾಕಿ ಮಗಳ ಸೀಮಂತಕ್ಕೆಂದು ಕುಂಕುಮ ಬಣ್ಣದ ರೇಷ್ಮೆ ತಂದರು. ಈ ತನಕ ಹತ್ತಿ ರವಿಕೆಗಳನ್ನು ಹೇಗೋ ಸುಧಾರಿಸಿ, ರೇಷ್ಮೆ ಬಂದರೆ ನಾನು ಏನಾದರೊಂದು ನೆಪ ಹೇಳಿ ಮುಂದೂಡುತ್ತಿದ್ದೆ. ಈ ಸಲ ಆಗಲಿಲ್ಲ. ಮಧ್ಯಾಹ್ನ ಊಟ ಬಿಟ್ಟು ಕೂತೆ. ಅಕ್ಕನ ಹಳೇ ತೋಳುಗಳನ್ನೆಲ್ಲ ತೆಗೆದು ಹರಡಿ ನೋಡಿದೆ, ಕಾಗದದಲ್ಲಿ ಎರಡು ಸಲ ಕತ್ತರಿಸಿ ನೋಡಿದೆ, ದೇವರನ್ನು ನೆನೆದೆ, ಉಸಿರು ಹಿಡಿದು ಕತ್ತರಿ ಇಟ್ಟೆ. ಕೈ ಅದ್ಭುತವಾಗಿ ಹೋಯಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ಟಕ್ ಅನ್ನಲಿಲ್ಲ. ಅಕ್ಕ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.

ಮೂರನೆಯ ದಿನ ಆ ಹೆಂಗಸು ಮಗಳನ್ನೇ ಕರೆದುಕೊಂಡು ಬಂದರು. ಮಗಳು ರವಿಕೆ ಹಾಕಿಕೊಂಡು ಕೈ ಎತ್ತಿದಳು. ಕೈಯ ಜೊತೆ ರವಿಕೆಯೂ ಎದ್ದು ಮೇಲೆ ಹೋಯಿತು. ಇಳಿಸಿದಳು, ರವಿಕೆ ಮಾತ್ರ ಇಳಿಯಲಿಲ್ಲ.

"ಕಂಕುಳಲ್ಲಿ ಹಿಡೀತದೆ" ಎಂದರು ತಾಯಿ. "ಯಾರು ಕತ್ತರಿಸಿದ್ದು ಮಾರಾಯ್ತಿ ಇದು?"

ನನ್ನ ಕಿವಿಯೆಲ್ಲ ಬಿಸಿಯಾಯಿತು. ಅಕ್ಕ ಎದ್ದು ಬಂದಳು. ರವಿಕೆಯನ್ನು ಮಗುಚಿ, ತೋಳು ಸೇರುವ ಜಾಗವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಒಳಗೆ ಬಿಟ್ಟ ಬಟ್ಟೆಯಲ್ಲಿ ಎಷ್ಟು ಬಿಚ್ಚಬೇಕು, ಕಂಕುಳಿಗೆ ಎಂಥ ತುಂಡು ಸೇರಿಸಬೇಕು ಎಂದು ಉಗುರಿನಿಂದ ಗೀರಿ ನನಗೆ ತೋರಿಸಿದಳು. ತಾಯಿಗೂ ಮಗಳಿಗೂ ನಾಳೆ ಬನ್ನಿ ಎಂದು ಹೇಳಿ ಕಳಿಸಿದಳು. ಅವರು ಮೆಟ್ಟಿಲಿಳಿದದ್ದು ಕೇಳಿಸಿದ ಮೇಲೆ ನನ್ನ ಕಡೆ ತಿರುಗಿದಳು.

"ಸುಳ್ಯಕ್ಕೆ ಬಸ್ಸು ಎಷ್ಟು ಗಂಟೆಗೆ?"

ಅವಳನ್ನು ಕರೆದುಕೊಂಡು ಹೋದ ದಿನ ಡಾಕ್ಟ್ರು ನನ್ನನ್ನು ಕಂಡವರೇ "ಬನ್ನಿ ಕ್ರಾಸ್ ಅಮ್ಮ" ಎಂದರು. ಅಕ್ಕನ ಬೆರಳು ಹಳತಾದ್ದರಿಂದ ಒಳಗೆ ಚೆನ್ನಾಗಿ ನೋಡಬೇಕು, ಬೇಕಾದರೆ ಗಾಯವನ್ನು ಮುಂದುವರಿಸಬೇಕು, ಆದ್ದರಿಂದ ಇವರಿಗೆ ಮಡಿಕೆ ದಾಟದ ಹಾಗೆ ಉದ್ದಕ್ಕೆ ಹಾಕುವುದು ಒಳ್ಳೆಯದು ಎಂದರು. ಅಕ್ಕ ಬ್ಯಾಗಿನಿಂದ ಟೈಲರ್ ಚಾಕ್ ತೆಗೆದು ಅವರ ಕೈಗೆ ಕೊಟ್ಟಳು.

"ಬಾಯಲ್ಲಿ ಹೇಳುದು ಬೇಡ. ನನ್ನ ಅಂಗೈಯಲ್ಲೇ ಗೆರೆ ಹಾಕಿ. ನಾನು ನೋಡಿ ಹೌದು ಅಂದ ಮೇಲೆ ಕೊಯ್ಯುದು."

"ಚಾಕ್ ಬೇಡ ಅಮ್ಮ, ನಮ್ಮ ಹತ್ತಿರ ಪೆನ್ ಉಂಟು" ಎಂದು ನಕ್ಕು, ಅವರು ಪೆನ್ನಿನಲ್ಲೇ ಗೆರೆ ಎಳೆದರು. ಅಕ್ಕ ಅದನ್ನು ಟೇಪಿನಲ್ಲಿ ಅಳೆದಳು. ಅರ್ಧ ಇಂಚಿಗಿಂತ ಒಂದು ನೂಲು ಜಾಸ್ತಿ. "ಹೌದು" ಎಂದಳು. ಹೊರಗೆ ಕಾಯುತ್ತಿದ್ದ ಭಾವ ನನ್ನನ್ನು ಪಕ್ಕಕ್ಕೆ ಕರೆದು, ಈ ಸಲ ಚೀಟಿಯಲ್ಲಿ ಆ ಟ್ರಿಗರ್ ಎನ್ನುವ ಶಬ್ದ ಬಿಟ್ಟು ಬೇರೆ ಏನಾದರೂ ಬರೆಯಲಿಕ್ಕಾಗುತ್ತದಾ ಕೇಳು ಎಂದರು.

ಈಗ ನಮ್ಮ ಅಂಗಡಿಯಲ್ಲಿ ಎರಡು ಪಕ್ಷ, ಉದ್ದ ಮತ್ತು ಅಡ್ಡ. ಬಂದವರ ಎದುರು ಇಬ್ಬರೂ ಅಂಗೈ ಚಾಚುತ್ತೇವೆ. ನನ್ನದನ್ನು ಹುಡುಕಬೇಕು. ಅಕ್ಕನದು ಎದ್ದು ಕಾಣುತ್ತದೆ, ಬಟ್ಟೆಗೆ ಹಾಕಿದ ಒಂದು ಕಚ್ಚಾ ಹೊಲಿಗೆಯಷ್ಟು. ಚಂದದಲ್ಲಿ ನಾನು ಗೆದ್ದೆ. ಆದರೆ ಅಂಗೈ ಊರಿದರೆ ನೋಯುವುದು ನನಗೆ ಎರಡು ತಿಂಗಳು ಇತ್ತು, ಅವಳಿಗೆ ಒಂದೇ ತಿಂಗಳಲ್ಲಿ ಹೋಯಿತು, ಅದರಲ್ಲಿ ಅವಳು ಗೆದ್ದಳು. ಅದು ಕೈಯ ಗುಣವೋ ಗೆರೆಯ ಗುಣವೋ ಎಂದು ಕೇಳಿದರೆ ಡಾಕ್ಟ್ರು, ಎರಡು ಕೈ ನೋಡಿ ತೀರ್ಪು ಕೊಡಲಿಕ್ಕಾಗುವುದಿಲ್ಲ ಎಂದು ತಪ್ಪಿಸಿಕೊಳ್ಳುತ್ತಾರೆ. ಗಿರಾಕಿಗಳಿಗೆ ಅಂಥ ಸಂಕೋಚವಿಲ್ಲ, ಧಾರಾಳ ತೀರ್ಪು ಕೊಡುತ್ತಾರೆ. ನೆಲ್ಯಾಡಿಯವರೆಲ್ಲ ಉದ್ದದ ಕಡೆ, ಕಡಬದವರು ನನ್ನ ಕಡೆ.

ಅಕ್ಕ ಮತ್ತೆ ಕತ್ತರಿ ಹಿಡಿದ ದಿನ ನಾನು ಮೆಷಿನ್ ನಿಲ್ಲಿಸಿ ನೋಡಿದೆ. ಹಸಿರು ಬಟ್ಟೆ ಹರಡಿ, ಅಂಗೈಯಿಂದ ಸವರಿ, ಗೆರೆ ಎಳೆದು, ತೋಳಿನ ತಿರುವನ್ನು ಒಂದೇ ಉಸಿರಿಗೆ ಕತ್ತರಿಸಿ ತುಂಡನ್ನು ಎತ್ತಿ ಹಿಡಿದಳು. ಅವಳ ಮುಖ ನೋಡಿ ನನಗೆ ಕಣ್ಣು ತುಂಬಿತು. ಅಷ್ಟು ಸಂತೋಷವನ್ನು ನಾನು ಅವಳ ಮಗಳ ಮದುವೆಯಲ್ಲೂ ಕಂಡಿರಲಿಲ್ಲ.

"ನಂಗೆ ಗೊತ್ತುಂಟು" ಎಂದಳು, ಬಟ್ಟೆಯಿಂದ ಕಣ್ಣೆತ್ತದೆ. "ಆ ರೇಷ್ಮೆಯ ತೋಳು ನೀನು ಬೇಕೂಂತ್ಲೇ ಕೆಡಿಸಿದ್ದು. ನನ್ನನ್ನು ಆಸ್ಪತ್ರೆಗೆ ಕಳಿಸ್ಲಿಕ್ಕೆ. ಇಪ್ಪತ್ತೆರಡು ವರ್ಷ ನನ್ನ ಪಕ್ಕದಲ್ಲಿ ಕೂತವಳು ಅಷ್ಟು ಕೆಟ್ಟದಾಗಿ ಕತ್ತರಿಸ್ಲಿಕ್ಕೆ ಉಂಟಾ?"

ಊಟ ಬಿಟ್ಟು, ಕಾಗದದಲ್ಲಿ ಎರಡು ಸಲ ನೋಡಿ, ದೇವರನ್ನು ನೆನೆದು ಕತ್ತರಿಸಿದ ತೋಳು ಅದು. ಅದಕ್ಕಿಂತ ಚೆನ್ನಾಗಿ ನನಗೆ ಬರುವುದಿಲ್ಲ. ಕೋಪ ಮೂಗಿನ ತುದಿಯ ತನಕ ಬಂತು, ಅಲ್ಲೇ ನಿಂತಿತು.

"ಮತ್ತೆ?" ಎಂದೆ. "ಬೇರೆ ದಾರಿ ಎಂತ ಇತ್ತು ನನಗೆ?"